ದೇವಕ್ಕನ ದನಿ ಮತ್ತು ಎಲ್ಲೂ ಸಿಗದ ಬೋರ್ಡು

ನಿವೃತ್ತಿಯಾಗಿ ವರ್ಷ ದಾಟಿತು. ಆದರೂ ಬೆಳಗಿನ ಯಾದಗಿರಿ ಬಸ್ಸಿನ ಹಾರ್ನು ಕೇಳಿದರೆ ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಹಾರ್ನು ಕೇಳದೆ ಇರಬೇಕೆಂದರೂ ಸಾಧ್ಯವಿಲ್ಲ. ಮನೆಯ ಮಿಕ್ಸರು, ಫ್ಯಾನು, ಪಕ್ಕದವರ ಇಸ್ತ್ರಿ ಪೆಟ್ಟಿಗೆ, ಎದುರು ಮನೆಯವರ ಗಿರಣಿಯ ಸ್ಟಾರ್ಟರು ಎಲ್ಲವನ್ನೂ ಬಿಚ್ಚಿ ಕಟ್ಟಿ ಮುಗಿಸಿದ್ದೇನೆ. ಈಗ ನನ್ನನ್ನು ಕಂಡರೆ ಓಣಿಯವರು ತಮ್ಮ ಸಾಮಾನು ಒಳಗಿಡುತ್ತಾರೆ.

ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನು ಮಾಡಿದ್ದಳು. "ಮೇಡಂ, ಈ ಲ್ಯಾಬಿನಾಗ ಖರೇ ಕೆಲ್ಸ ಅಂದ್ರ ಏನ್ರಿ? ರಿಜಿಸ್ಟರ್ ನೋಡಿದ್ರ ಏನೂ ತಿಳೀವಲ್ದು" ಎಂದಳು. ಫೋನಿನಲ್ಲಿ ಹೇಳುವಷ್ಟು ತಾಳ್ಮೆ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾದಗಿರಿಯ ಒಂದು ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಬಡ್ತಿ ಒಂದು ಸಲ ಬಂತು. ಅದರಿಂದ ಕುರ್ಚಿಗೆ ಕೈ ಬಂದವೇ ಹೊರತು ಬೇರೇನೂ ಆಗಲಿಲ್ಲ, ಆದ್ದರಿಂದ ಅದನ್ನು ಬಿಡೋಣ.

ನಾನು ಸೇರಿದಾಗ ಲ್ಯಾಬಿನಲ್ಲಿದ್ದ ಕಂಪ್ಯೂಟರ್ ಪಾಠವೆಂದರೆ ಟ್ರೇನರ್ ಕಿಟ್ಟುಗಳು. ಅಗಲವಾದ ಹಸಿರು ಹಲಗೆ, ಮೂಲೆಯಲ್ಲಿ ಗುಂಡಿಗಳ ಸಾಲು, ಕೆಂಪಗೆ ಉರಿಯುವ ಆರು ಅಂಕಿ. ಎರಡು ಸಂಖ್ಯೆ ಕೂಡಿಸಲು ವಿದ್ಯಾರ್ಥಿಗಳು ಅರ್ಧ ತಾಸು ಗುಂಡಿ ಒತ್ತುತ್ತಿದ್ದರು. ಮೊದಲ ವಾರವೇ ನಾನು ಒಂದು ಕಿಟ್ಟಿಗೆ ತಪ್ಪು ತಂತಿಯಿಂದ ಹೆಚ್ಚಿನ ವೋಲ್ಟೇಜು ಕೊಟ್ಟು ಹೊಗೆ ಎಬ್ಬಿಸಿದೆ. ಎಲ್ಲರೂ ಕಿಟಕಿ ಕಡೆ ಓಡಿದರು. ಅಟೆಂಡರ್ ದೇವಕ್ಕ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಪ್ಲಗ್ಗು ಕಿತ್ತು, "ಮೇಡಂ, ಮೊದಲ ಇದನ್ನ ಕೀಳಬೇಕ್ರೀ, ಆಮ್ಯಾಲ ಓಡಬೇಕು" ಎಂದಳು. ಓದಿ ಬಂದವಳು ನಾನು, ಪಾಠ ಹೇಳಿದವಳು ಅವಳು.

ದೇವಕ್ಕ ಸುರಪುರದ ಕಡೆಯ ಒಂದು ಹಳ್ಳಿಯವಳು. ಸಹಿ ಹಾಕಲು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಓದು ಬರಹ ಇಲ್ಲ. ಆದರೆ ದನಿ! ಕರೆಂಟು ಹೋದರೆ ಮೂರನೇ ಮಹಡಿಯವರೆಗೂ ಕೇಳುವಂತೆ "ಕರೆಂಟ್ ಹೋಗ್ಯಾದ್ರೀ, ಕುಂತಲ್ಲೇ ಕೂಡ್ರಿ" ಎಂದು ಕೂಗುತ್ತಿದ್ದಳು. ನಾನು ಶಹಾಪುರದಲ್ಲಿ ಹತ್ತುವ ಬಸ್ಸಿನಲ್ಲಿ ಅವಳು ಸುರಪುರದಿಂದಲೇ ನನಗೊಂದು ಸೀಟು ಹಿಡಿದು ಬರುತ್ತಿದ್ದಳು. ಭೀಮಾ ಸೇತುವೆ ಬರುವಷ್ಟರಲ್ಲಿ ಊರ ಸುದ್ದಿಯೆಲ್ಲ ನನ್ನ ಕಿವಿಗೆ ಬಿದ್ದಿರುತ್ತಿತ್ತು.

ಅಂಗೈ ಅಗಲದ ಕಂಪ್ಯೂಟರ್ ಬೋರ್ಡುಗಳು ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ. ಡಬ್ಬಿ ಬಿಚ್ಚಿ ನಾನು ಇದು ಯಾವುದೋ ದೊಡ್ಡ ಯಂತ್ರದ ಬಿಡಿಭಾಗ, ಯಂತ್ರ ಹಿಂದಿನಿಂದ ಬರುತ್ತದೆ ಎಂದು ಎರಡು ದಿನ ಕಾದೆ. ನಮ್ಮ ವಿಭಾಗದ ಮುಖ್ಯಸ್ಥ ಪಾಟೀಲ ಸರ್ ನಕ್ಕು, "ಅದೇ ಪೂರಾ ಕಂಪ್ಯೂಟರ್ ಅದರೀ. ಕಾರ್ಡ್ ಹಾಕ್ರಿ, ಟೀವಿಗಿ ಹಚ್ರಿ" ಎಂದರು. ಉಗುರಿನಷ್ಟು ಮೆಮೊರಿ ಕಾರ್ಡು ಹಾಕಿ ಟಿವಿಗೆ ಹಚ್ಚಿದೆವು. ಕೆಲಸ ಮಾಡಿತು! ಆ ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಆಗ ಅವು ಬೇಕೆಂದಾಗ ಸಿಗುತ್ತಿದ್ದವು. ಒಂದು ಸುಟ್ಟರೆ ಇನ್ನೊಂದು ಪಾರ್ಸೆಲ್ಲಿನಲ್ಲಿ ನಾಲ್ಕು ದಿನಕ್ಕೆ ಬರುತ್ತಿತ್ತು. ಸಿಗುವ ವಸ್ತುವಿಗೆ ಯಾರೂ ಗೌರವ ಕೊಡುವುದಿಲ್ಲ, ನಾವೂ ಕೊಡಲಿಲ್ಲ.

ಪಾಟೀಲ ಸರ್ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕೊಡುವ ಕೈಯವರಲ್ಲ. ಸೋಲ್ಡರ್ ತಂತಿಯನ್ನು ಗೇಣು ಹಾಕಿ ಕೊಡುತ್ತಿದ್ದರು. ಒಂದು ಯೋಜನೆಯಲ್ಲಿ ಬಂದ ಆರು ಬೋರ್ಡುಗಳನ್ನು ಸೀಲು ಒಡೆಯದೆ ಉಕ್ಕಿನ ಅಲ್ಮಾರಿಯಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೋ ಲಿಂಗದ ಕರಡಿಗೆಗೋ ಕಟ್ಟಿಕೊಂಡಿದ್ದಾರೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಯಾವ ಫೈಲನ್ನೇ ಆಗಲಿ ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲಿಡುವ ಮನುಷ್ಯ. ನನಗೂ ಅವರಿಗೂ ದಿನಕ್ಕೊಮ್ಮೆ ಜಗಳ ಇದ್ದೇ ಇತ್ತು.

ದೇವಕ್ಕನ ಕೊರಳಿನಲ್ಲಿ ಗಂಟು ಕಾಣಿಸಿಕೊಂಡ ವರ್ಷ ಎಲ್ಲ ತಲೆಕೆಳಗಾಯಿತು. ಕೊರಳು ಕೊಯ್ದು ಧ್ವನಿಪೆಟ್ಟಿಗೆ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಸುದ್ದಿ ತಿಳಿಸಿದಾಗ ಅವಳು ಅಳಲಿಲ್ಲ. "ಮತ್ತ ಬಸ್ ಹೆಂಗ ನಿಂದರಸಲಿರಿ?" ಎಂದು ಕೇಳಿದಳು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಸಿಟ್ಟಿನ ಹಿಂದೆ ಒಂದು ಉಪಾಯ ಹೊಳೆಯಿತು.

ಆಪರೇಶನ್ನಿಗೆ ಹೋಗುವ ಹಿಂದಿನ ದಿನ ಅವಳನ್ನು ಲ್ಯಾಬಿನಲ್ಲಿ ಕೂಡಿಸಿ, ಮೈಕು ಹಿಡಿದು, ಇಪ್ಪತ್ತು ಮಾತನ್ನು ನೇರವಾಗಿ ಒಂದು ಚಿಕ್ಕ ಬೋರ್ಡಿನ ಕಾರ್ಡಿಗೇ ರೆಕಾರ್ಡ್ ಮಾಡಿಕೊಂಡೆ. ಚಾ ಆಗ್ಯಾದ್ರಿ. ಸಾಹೇಬ್ರು ಊಟಕ್ಕ ಹೋಗ್ಯಾರ. ಇಳಿಯೋರು ಅದಾರ್ರೀ, ಬಸ್ ನಿಂದರಸ್ರಿ. ನನಗ ಕೇಳಸ್ತದ, ಮಾತಾಡಾಕ ಬರಂಗಿಲ್ಲ. ಇಂಥವು. ಇಪ್ಪತ್ತನೆಯದು ಅವಳೇ ಹೇಳಿ ಸೇರಿಸಿದ್ದು. ದಸರೆಗೆ ಬನ್ನಿ ಎಲೆ ಕೊಡುವಾಗ ನಮ್ಮ ಕಡೆ ಎಲ್ಲರೂ ಹೇಳುವ ಮಾತು: ಬನ್ನಿ ತಗೋರಿ, ಬಂಗಾರದಂಗ ಇರೋಣು.

ಮೈಕು ಕಂಡರೆ ಅವಳಿಗೆ ನಗು. "ನಾನೇನ್ ಎಲೆಕ್ಷನ್ನಿಗಿ ನಿಂತೀನೇನ್ರಿ!" ಎಂದು ಪ್ರತಿ ಸಲ ಅರ್ಧಕ್ಕೆ ನಕ್ಕುಬಿಡುತ್ತಿದ್ದಳು. ನನಗೆ ಬಸ್ಸಿನ ಗಡಿಬಿಡಿ. "ನಗಬ್ಯಾಡ ದೇವಕ್ಕ, ಟೈಮಿಲ್ಲ" ಎಂದು ಗದರಿಸಿ, ಕೆಟ್ಟದ್ದನ್ನೆಲ್ಲ ಅಳಿಸಿ ಅಳಿಸಿ ಮತ್ತೆ ಹೇಳಿಸಿದೆ. ಸಂಜೆಯ ಬಸ್ಸು ತಪ್ಪಲಿಲ್ಲ.

ಗುಜರಿಗೆ ಹೋಗಬೇಕಿದ್ದ ಹಳೆಯ ಟ್ರೇನರ್ ಕಿಟ್ಟಿನ ಗುಂಡಿಗಳನ್ನು ಬಿಚ್ಚಿ, ಅದೇ ಬೋರ್ಡು, ಬ್ಯಾಟರಿ, ಸ್ಪೀಕರು ಜೋಡಿಸಿ ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ ಮಾಡಿದೆ. ಅಕ್ಷರ ಬಾರದವಳಿಗೆಂದು ಪ್ರತಿ ಗುಂಡಿಯ ಮೇಲೆ ಚಿತ್ರ ಅಂಟಿಸಿದೆ: ಚಾದ ಕಪ್ಪು, ಬಸ್ಸು, ಕಿವಿ, ಬನ್ನಿ ಎಲೆ. ಎರಡು ತಿಂಗಳ ಮೇಲೆ ಅವಳು ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಂದಳು. ಪೆಟ್ಟಿಗೆಯನ್ನು ಕೈಯಲ್ಲಿಟ್ಟೆ. ಕಪ್ಪಿನ ಗುಂಡಿ ಒತ್ತಿದಳು. ಅವಳದೇ ದನಿ, ಅವಳದೇ ಗತ್ತು. ಪಾಟೀಲ ಸರ್ ಬಾಗಿಲಲ್ಲಿ ನಿಂತವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಆ ವರ್ಷವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಇನ್ನು ಆ ಪೆಟ್ಟಿಗೆಯ ವಿಷಯದಲ್ಲಿ ನನ್ನ ಮೊದಲ ತಪ್ಪು. ನಮ್ಮ ಲ್ಯಾಬಿನಲ್ಲಿ ದಸರಾ ರಜೆಗೆ ಮುಂಚೆ ಆಯುಧ ಪೂಜೆ. ಮೀಟರು, ಮೋಟರು, ಕಂಪ್ಯೂಟರು ಎಲ್ಲಕ್ಕೂ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಗೆರೆ, ಮೇಲೊಂದು ಕುಂಕುಮದ ಬೊಟ್ಟು. ಪ್ರತಿ ವರ್ಷ ಮಾಡುವವಳು ದೇವಕ್ಕ. ಅವಳಿಗೆ ಯಂತ್ರದ ಹೊರಮೈಗೆ ಹಚ್ಚಬೇಕು ಎಂಬ ಬುದ್ಧಿ ಇತ್ತು. ಆ ವರ್ಷ ನನಗೆ ಭಕ್ತಿ ಉಕ್ಕಿತು. "ಇದು ನಿನ್ನ ಕೊರಳು ದೇವಕ್ಕ, ಇದಕ್ಕ ನಾನ ಪೂಜಿ ಮಾಡ್ತೀನಿ" ಎಂದು ಪೆಟ್ಟಿಗೆಯ ಮುಚ್ಚಳ ತೆಗೆದು, ಸ್ವಿಚ್ಚು ಆರಿಸದೆ, ಬೋರ್ಡಿನ ನೆತ್ತಿಯ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ ಎಳೆದೆ. ವಿಭೂತಿ ಪಿನ್ನುಗಳ ನಡುವೆ ಇಳಿಯಿತು. ಪುಟ್ಟ ಕೆಂಪು ದೀಪ ಎರಡು ಸಲ ಮಿಟುಕಿ ಆರಿತು. ಮೂವತ್ತು ಬ್ಯಾಚಿನ ಹುಡುಗರಿಗೆ ಒದ್ದೆ ಕೈ ತರಬೇಡಿ ಎಂದು ಹೇಳಿಕೊಟ್ಟವಳು ನಾನು.

ದೇವಕ್ಕ ಗುಂಡಿ ಒತ್ತಿದಳು. ಮತ್ತೊಂದು ಒತ್ತಿದಳು. ಆಮೇಲೆ ನನ್ನ ಬೆನ್ನು ತಟ್ಟಿ ಊದುಬತ್ತಿ ಹಚ್ಚಲು ಹೋದಳು. ಆ ದಸರೆಗೆ ಅವಳು ಬನ್ನಿ ಎಲೆ ತಂದು ಸುಮ್ಮನೆ ಕೈಗಿಟ್ಟು ಹೋದಳು.

ಲ್ಯಾಬಿನಲ್ಲಿ ಬಿಡಿಯಾಗಿದ್ದ ಬೋರ್ಡುಗಳೆಲ್ಲ ಅಷ್ಟರಲ್ಲಿ ಸುಟ್ಟು ಮುಗಿದಿದ್ದವು. ಬೋರ್ಡು ಹೋದರೇನು, ಹೊಸದು ತರೋಣ ಎಂದುಕೊಂಡೆ. ಆದರೆ ಆ ಹೊತ್ತಿಗೆ ಲೋಕದಲ್ಲೇ ಕಂಪ್ಯೂಟರ್ ಚಿಪ್ಪಿನ ಬರಗಾಲ. ಕೊರೊನಾದ ಹಿಂದೆಯೇ ಬಂದದ್ದು. ಯಾವ ಅಂಗಡಿಯ ಪುಟ ತೆರೆದರೂ ಸ್ಟಾಕ್ ಇಲ್ಲ. ಬಂದಾಗ ತಿಳಿಸುತ್ತೇವೆ ಎನ್ನುವಲ್ಲಿ ನನ್ನ ಹೆಸರು ಹಾಕಿ, ದಿನಕ್ಕೆ ಹತ್ತು ಸಲ ಫೋನು ನೋಡುವ ಚಟ ಅಂಟಿತು. ಬಸ್ಸಿನಲ್ಲಿ, ಅಡುಗೆ ಮನೆಯಲ್ಲಿ, ಪಾಠದ ನಡುವೆ. ಒಮ್ಮೆ ಬಂತು ಎಂದು ಸಂದೇಶ ಬಂದಾಗ ನಾನು ಗುರುಮಠಕಲ್ಲಿನ ಒಂದು ಮದುವೆಯ ಊಟದ ಪಂಕ್ತಿಯಲ್ಲಿದ್ದೆ. ಎಂಜಲು ಕೈ ಬಿಟ್ಟು ಎಡಗೈಯಲ್ಲಿ ಒತ್ತುವಷ್ಟರಲ್ಲಿ ಖಾಲಿ.

ಪಾಟೀಲ ಸರ್ ಹತ್ತಿರ ಹೋದೆ. "ಸರ್, ಅಲ್ಮಾರಿದಾಗ ಆರು ಅದಾವ. ಒಂದು ಕೊಡ್ರಿ."

"ಇನ್‌ಸ್ಪೆಕ್ಷನ್ನಿಗಿ ಬಂದ್ರ ಆರು ಅಂದ್ರ ಆರೂ ಇರಬೇಕು ನೀಲಮ್ಮ. ಮೊದಲಾಗಿದ್ರ ಪ್ಯಾಟ್ಯಾಗಿಂದ ತಂದು ಇಡಬಹುದಿತ್ತು. ಈಗ ಎಲ್ಲಿಂದ ತರೂಣು?"

"ಮನಶ್ಯಾರ ಮಾತಿಗಿಂತ ಇನ್‌ಸ್ಪೆಕ್ಷನ್ ದೊಡ್ಡದೇನ್ರಿ?"

"ಸರಕಾರದ ಸಾಮಾನು ನಂದಲ್ಲ, ನಿಂದಲ್ಲ" ಎಂದು ಅವರು ಫೈಲಿನೊಳಗೆ ಮುಖ ಹಾಕಿದರು. ನಾನು ಬಾಗಿಲನ್ನು ಜೋರಾಗಿಯೇ ಎಳೆದುಕೊಂಡು ಬಂದೆ.

ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಖಾಜಾ ಭಾಯ್ ಎಂಬ ರೇಡಿಯೊ ರಿಪೇರಿಯವರು ಇದ್ದಾರೆ. ನಾನು ಕೆಡಿಸಿದ್ದನ್ನು ಗುಟ್ಟಾಗಿ ಸರಿ ಮಾಡಿಕೊಟ್ಟ ಉಪಕಾರ ಅವರದು ಬಹಳ ಇದೆ. ಅವರು ಒಂದು ಹಳೆಯ ಫೋನಿಗೆ ಮಾತಾಡುವ ಆ್ಯಪು ಹಾಕಿ ತಂದರು. ಚಿತ್ರ ಒತ್ತಿದರೆ ಯಂತ್ರದ ಹೆಣ್ಣುದನಿಯೊಂದು, "ದಯವಿಟ್ಟು ಬಸ್ಸನ್ನು ನಿಲ್ಲಿಸಿ" ಎಂದಿತು. ದೇವಕ್ಕ ಫೋನಿನ ಹಿಂದೆ ಮುಂದೆ ನೋಡಿ, ಮೂಗು ಮುರಿದು, ಖಾಜಾ ಭಾಯ್ ಕೈಗೇ ವಾಪಸು ಕೊಟ್ಟಳು. "ದಯವಿಟ್ಟು ಅಂದ್ರ ನಮ್ಮ ಕಂಡಕ್ಟರು ನಿಂದರಸ್ತಾನೇನ್ರಿ ಭಾಯ್" ಎಂದು ಅವಳ ಪರವಾಗಿ ನಾನೇ ಹೇಳಿದೆ.

ಸುಮ್ಮನೆ ಕೂರಲು ಆಗಲಿಲ್ಲ. ಒಂದು ದಿನ ರಜೆ ಹಾಕಿ ಗುರುಮಠಕಲ್ ಮೇಲಿನ ಬಸ್ಸು ಹಿಡಿದು ಹೈದರಾಬಾದಿಗೆ ಹೋದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಓಣಿಯಲ್ಲಿ ಕೇಳಿದಲ್ಲೆಲ್ಲ "ಲೇದಮ್ಮಾ", ಇಲ್ಲವೆಂಬ ಮಾತೇ. ಕೊನೆಗೆ ಒಬ್ಬ ಬೇರೆ ಕಂಪನಿಯ ಬೋರ್ಡು ತೋರಿಸಿದ. ಅದೇ ಅಳತೆ, ಅದೇ ನಾಲ್ಕು ತೂತು, ಪಿನ್ನುಗಳೂ ಅದೇ ಸಾಲು. ಅದಕ್ಕಿಂತ ಜೋರಾಗಿ ಓಡುತ್ತದೆ ಎಂದ. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಮರುದಿನ ಬೆಳಿಗ್ಗೆ ದೇವಕ್ಕ ಕಸ ಹೊಡೆಯುವುದನ್ನು ಬಿಟ್ಟು ನನ್ನ ಮೇಜಿನ ಪಕ್ಕ ನಿಂತಳು. ಇಲ್ಲಿಂದ ಎರಡನೆಯ ತಪ್ಪು. ಸತ್ತ ಬೋರ್ಡಿನಿಂದ ಅವಳ ದನಿ ಇದ್ದ ಮೆಮೊರಿ ಕಾರ್ಡು ತೆಗೆದೆ. ಆ ದನಿಯ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ವರ್ಷದಿಂದ ನಾಳೆ ಮಾಡೋಣ, ನಾಳೆ ಮಾಡೋಣ ಎಂದು ದೂಡಿದ್ದೆ. ಆ ದಿನವಾದರೂ ಹತ್ತು ನಿಮಿಷ ಕೊಟ್ಟು ಪ್ರತಿ ತೆಗೆಯಬಹುದಿತ್ತು. ಅವಳು ಕಾಯುತ್ತಿದ್ದಾಳೆ, ನನ್ನ ಕೈ ನಿಲ್ಲಲಿಲ್ಲ. ಕಾರ್ಡನ್ನು ಹೊಸ ಬೋರ್ಡಿಗೆ ತುರುಕಿದೆ. ಪರದೆಯ ಮೇಲೆ ಒಂದು ಚೌಕ ಬಂತು. ಈ ಕಾರ್ಡು ಗುರುತು ಸಿಗುತ್ತಿಲ್ಲ, ಬಳಸಲು ಸಿದ್ಧಪಡಿಸಲೇ ಎಂಬ ಅರ್ಥದ ಇಂಗ್ಲಿಷು. ಪೂರ್ತಿ ಓದಲೂ ಇಲ್ಲ, ಆಗಲಿ ಎಂದು ಒತ್ತಿದೆ. ಸಿದ್ಧಪಡಿಸುವುದೆಂದರೆ ಇದ್ದದ್ದನ್ನು ಅಳಿಸುವುದು ಎಂದು ಒಂದು ಕ್ಷಣದ ನಂತರ ನೆನಪಾಯಿತು. ಕಾರ್ಡು ಖಾಲಿ.

ದೇವಕ್ಕ ನನ್ನ ಮುಖ ನೋಡಿದಳು. ನಾನು ಹೇಳಬೇಕಾಗಲಿಲ್ಲ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತು ಕೊರಳ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಭುಜ ಅಲುಗುತ್ತಿತ್ತು, ಸದ್ದಿಲ್ಲ. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಹುಚ್ಚಿಯ ಹಾಗೆ ಕಾರ್ಡನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡತೊಡಗಿದೆ.

"ನೀಲಮ್ಮ, ಕೈ ತಗೀ!"

ಪಾಟೀಲ ಸರ್ ಬಾಗಿಲಲ್ಲಿದ್ದರು. ಅವರು ಏರುದನಿಯಲ್ಲಿ ಮಾತಾಡಿದ್ದನ್ನು ಕಾಲೇಜು ಕೇಳಿರಲಿಲ್ಲ. ಹತ್ತಿರ ಬಂದು ಕಾರ್ಡು ಕಿತ್ತು ಒಂದು ಲಕೋಟೆಗೆ ಹಾಕಿದರು. "ಇದರ ಮ್ಯಾಲ ಇನ್ನ ಒಂದಕ್ಷರ ಸುದ್ದಾ ಬರೀಬಾರದು. ಅಳಿಸ್ಯಾದ ಅಂದ್ರ ಹೋಗ್ಯಾದ ಅಂತಲ್ಲ. ಪುಸ್ತಕದ ಅನುಕ್ರಮಣಿಕಿ ಹರದದ, ಹಾಳಿ ಅಲ್ಲೇ ಇರತಾವ. ಮೊದಲ ಒಂದು ಪ್ರತಿ ತಗೀತೀನಿ. ಏನ್ ಮಾಡಿದ್ರೂ ಪ್ರತಿ ಮ್ಯಾಲ ಮಾಡೂಣು."

ಮೂರು ದಿನ ಅವರು ತಮ್ಮ ಕೋಣೆಯಲ್ಲಿ ಕುಳಿತು ಆ ಪ್ರತಿಯನ್ನು ಜಾಲಾಡಿದರು. ಗೇಣು ಹಾಕಿ ಸೋಲ್ಡರು ಕೊಡುತ್ತಿದ್ದ ಅದೇ ಜಿಪುಣತನ ಈಗ ಒಂದೊಂದು ಚೂರನ್ನು ಹುಡುಕುವ ತಾಳ್ಮೆಯಾಗಿತ್ತು. ನಾನು ಹೊರಗೆ ವರಾಂಡದಲ್ಲಿ ಅತ್ತಿಂದಿತ್ತ ತಿರುಗಿದೆ. "ಒಂದ್ಕಡಿ ಕೂಡು, ಇಲ್ಲಾ ಮನಿಗಿ ಹೋಗು" ಎಂದು ಎರಡು ಸಲ ಬೈಸಿಕೊಂಡೆ. ಅಲ್ಮಾರಿಯ ವಿಷಯದಲ್ಲಿ ನಾನು ಅವರ ಮೇಲೆ ಮಾಡಿದ ಸಿಟ್ಟು ಪೂರ್ತಿ ತಪ್ಪಲ್ಲ ಎಂದು ಈಗಲೂ ಅನ್ನುತ್ತೇನೆ. ಆದರೆ ಆ ಮೂರು ದಿನದ ಋಣ ನನ್ನ ಮೇಲಿದೆ.

ಆ ಹೊತ್ತಿಗೆ ಸ್ಟೇಷನ್ ರಸ್ತೆಗೆ ಹೋಗಿ ಖಾಜಾ ಭಾಯ್ ಮುಂದೆ ಅತ್ತುಕೊಂಡೆ. ಹೈದರಾಬಾದಿನ ಬೋರ್ಡು ನನ್ನ ಪ್ರೋಗ್ರಾಮನ್ನು ಒಪ್ಪುವುದಿಲ್ಲ, ದನಿ ಸಿಕ್ಕರೂ ಸರಿಯಾದ ಬೋರ್ಡು ಇಲ್ಲ, ಯಾವ ದೇಶದಲ್ಲೂ ಇಲ್ಲ ಎಂದೆ. ಅವರು ಒಂದು ಸ್ಪೀಕರು ಬಿಚ್ಚುತ್ತಿದ್ದವರು ತಲೆ ಎತ್ತಿದರು.

"ಮೇಡಂ, ಆ ಡಬ್ಬಿ ಮಾಡೋ ಕೆಲ್ಸ ಏನ್ರಿ?"

"ಗುಂಡಿ ಒತ್ತಿದ್ರ ಮಾತು ಬರಬೇಕು."

"ಅಷ್ಟೇ? ಹಾಡು ಹಚ್ಚೋದು! ಅದಕ್ಕ ಕಂಪ್ಯೂಟರ್ ಯಾಕ ಬೇಕ್ರೀ?" ಎಂದು ಬಿಚ್ಚಿದ ಸ್ಪೀಕರಿನೊಳಗಿಂದ ಅಂಚೆ ಚೀಟಿಯಷ್ಟು ಒಂದು ಹಲಗೆ ತೆಗೆದು ತೋರಿಸಿದರು. ಕಾರ್ಡಿನಿಂದ ಹಾಡು ನುಡಿಸುವ ಚಿಪ್ಪು. ಅಂಥದ್ದು ಅವರ ಡ್ರಾಯರಿನಲ್ಲಿ ಹಿಡಿ ತುಂಬ ಬಿದ್ದಿತ್ತು. ಗುಂಡಿ ಒತ್ತಿದರೆ ಆ ನಂಬರಿನ ಹಾಡು ನುಡಿಸುವ ಜಾತಿಯದನ್ನೇ ಆರಿಸಿ ಕೊಟ್ಟರು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ತಿಂಗಳುಗಟ್ಟಲೆ ಒಂದು ಬೋರ್ಡಿನ ಹೆಸರನ್ನು ಜಪಿಸುತ್ತ ಊರೂರು ಅಲೆದೆ, ಒಬ್ಬ ಒಳ್ಳೆಯ ಮನುಷ್ಯನೊಂದಿಗೆ ಜಗಳ ಆಡಿದೆ, ದೇವಕ್ಕನ ದನಿಯನ್ನೇ ಅಳಿಸಿದೆ. ಮಾಡಬೇಕಾದ ಕೆಲಸ ಏನು ಎಂದು ಒಮ್ಮೆಯೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬರುವವರು ನನ್ನ ಬೇರೆ ಯಾವ ಮಾತು ಮರೆತರೂ ಖಾಜಾ ಭಾಯ್ ಕೇಳಿದ ಆ ಪ್ರಶ್ನೆಯನ್ನು ಮರೆಯಬೇಡಿ.

ಮೂರನೇ ದಿನ ಸಂಜೆ ಪಾಟೀಲ ಸರ್ ನಮ್ಮಿಬ್ಬರನ್ನೂ ಕರೆದರು. ಇಪ್ಪತ್ತು ಮಾತಿನಲ್ಲಿ ಹದಿನಾಲ್ಕು ಸಿಕ್ಕಿದ್ದವು. ಬಸ್ಸು ಸಿಕ್ಕಿತ್ತು, ಚಾ ಸಿಕ್ಕಿತ್ತು, ಕರೆಂಟು ಸಿಕ್ಕಿತ್ತು. ಬನ್ನಿಯ ಮಾತು ಸಿಗಲಿಲ್ಲ. ಆ ಜಾಗದ ಮೇಲೆ ಹೊಸ ಬೋರ್ಡು ಏನೋ ಬರೆದುಬಿಟ್ಟಿತ್ತು. ದೇವಕ್ಕ ತಲೆ ಆಡಿಸಿ, ಇರಲಿ ಎಂಬಂತೆ ಕೈ ಮಾಡಿದಳು.

"ಇನ್ನೊಂದೀಟು ಅದಾವ. ಇವು ಏನಂತ ನನಗ ತಿಳೀವಲ್ದು. ನೀನ ಕೇಳು" ಎಂದು ಸರ್ ಒಂದು ಫೈಲು ಹಚ್ಚಿದರು.

ನಾನು ಅಳಿಸಿ ಎಸೆದವು. ಕೆಟ್ಟವು ಎಂದು ಬಿಟ್ಟವು. ನನ್ನದೇ ಗಡುಸು ದನಿ, "ನಗಬ್ಯಾಡ ದೇವಕ್ಕ, ಟೈಮಿಲ್ಲ". ಅದರ ಹಿಂದೆ ದೇವಕ್ಕ, "ನಾನೇನ್ ಎಲೆಕ್ಷನ್ನಿಗಿ ನಿಂತೀನೇನ್ರಿ!" ಆಮೇಲೆ ನಗು. ತಡೆದು ತಡೆದು, ಕೆಮ್ಮಿ, ಮತ್ತೆ ಉಕ್ಕಿ ಬರುವ ನಗು. ಇಪ್ಪತ್ತು ಮಾತು ಆರಿಸಿದಾಗ ನಗು ಬೇಕಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ದೇವಕ್ಕ ಬಗ್ಗಿ ಸ್ಪೀಕರಿಗೆ ಕಿವಿ ಹಚ್ಚಿದಳು. ಮತ್ತೊಮ್ಮೆ ಎಂದು ಬೆರಳು ತೋರಿಸಿದಳು. ಆ ಸಂಜೆಯ ಬಸ್ಸು ತಪ್ಪಿತು, ನಾನು ಗಡಿಯಾರ ನೋಡಲಿಲ್ಲ.

ಹೊಸ ಪೆಟ್ಟಿಗೆಯ ಎಲೆಯ ಗುಂಡಿಗೆ ಯಾವ ಮಾತೂ ಇರಲಿಲ್ಲ. ಅದಕ್ಕೆ ಏನು ಹಾಕಲಿ ಎಂದು ಕೇಳಿದಾಗ ಅವಳು ನಗುವಂತೆ ತನ್ನ ಹಲ್ಲು ತೋರಿಸಿದಳು.

ಬರಗಾಲ ತೀರಿ ಬೋರ್ಡುಗಳು ಮತ್ತೆ ಸಿಗತೊಡಗಿದವು. ಹೊಸ ಜಾತಿಯವೇ ಬಂದವು. ಅಲ್ಮಾರಿಯ ಆರು ಸೀಲಿನೊಳಗೇ ಮುದಿಯಾದವು. ಇನ್‌ಸ್ಪೆಕ್ಷನ್ನಿನವರು ಡಬ್ಬಿ ಎಣಿಸಿ ಚಾ ಕುಡಿದು ಹೋದರಂತೆ. ನಾನು ನಿವೃತ್ತಳಾದ ದಿನ ಪಾಟೀಲ ಸರ್ ಭಾಷಣದಲ್ಲಿ ನನ್ನ ತಾಳ್ಮೆಯನ್ನು ಹೊಗಳಿದರು. ಹಿಂದಿನ ಸಾಲಿನಿಂದ ದೇವಕ್ಕ ಎಲೆಯ ಗುಂಡಿ ಒತ್ತಿದಳು. ಸಭೆಗೆ ಸಭೆಯೇ ನಕ್ಕಿತು, ಸರ್ ಕೂಡ.

ಮೊನ್ನೆ ದಸರೆಗೆ ಅವಳು ಸುರಪುರದ ಬಸ್ಸಿನಿಂದ ಇಳಿದು ಮನೆಗೆ ಬಂದಳು. ಬಸ್ಸನ್ನು ಓಣಿಯ ಬಾಯಿಯಲ್ಲೇ ನಿಲ್ಲಿಸಿ ಇಳಿದಳು, ಪೆಟ್ಟಿಗೆಯ ಆ ಕೂಗು ನನಗೆ ಒಳಗೇ ಕೇಳಿತ್ತು. ಬನ್ನಿ ಎಲೆಯನ್ನು ನನ್ನ ಅಂಗೈಯಲ್ಲಿಟ್ಟಳು. ಪೆಟ್ಟಿಗೆ ತೆಗೆದು ಎಲೆಯ ಗುಂಡಿ ಒತ್ತಿದಳು. ನಾನು ಒಮ್ಮೆ ಬೇಡವೆಂದ ನಗು ನಮ್ಮ ಪಡಸಾಲೆಯ ತುಂಬ ಹರಡಿತು. "ನಗು ದೇವಕ್ಕ, ಬೇಕಾದಷ್ಟು ಟೈಮ್ ಅದ" ಎಂದು ಅವಳ ಕೈ ಹಿಡಿದುಕೊಂಡೆ. ಬಂಗಾರದಂಗ ಇರೋಣು ಎಂಬ ಮಾತನ್ನು ಎರಡು ಸಲ ಹೇಳಿದೆ. ಒಂದು ನನ್ನದು, ಒಂದು ನಾನು ಕಳೆದ ಅವಳದು.